ಬಿ.ಪಿ. ನೋಡಿದ್ರಾ? ಮೂತ್ರ ನೋಡಿದ್ರಾ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಿಸ್ಟರ್ ಅವರು ಆಡಿದ ಮಾತುಗಳು)

ಪ್ರೀತಿಯ ಅಕ್ಕತಂಗಿಯರೇ,

ಉಳಿತಾಯದ ಪುಸ್ತಕ, ಸಾಲದ ಪುಸ್ತಕ, ನಡಾವಳಿ ಪುಸ್ತಕ, ಮೂರನ್ನೂ ನೀವು ಚೊಕ್ಕವಾಗಿ ಇಟ್ಟಿದ್ದೀರಿ. ಒಂದು ರೂಪಾಯಿ ಹೆಚ್ಚುಕಮ್ಮಿ ಆದರೂ ನಿಮಗೆ ಗೊತ್ತಾಗುತ್ತದೆ. ಇವತ್ತು ನಾನು ಇನ್ನೊಂದು ಪುಸ್ತಕದ ಬಗ್ಗೆ ಮಾತಾಡ್ತೀನಿ. ಅದು ಗರ್ಭಿಣಿಯರ ತಾಯಿ ಕಾರ್ಡು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘವೊಂದರ ಸದಸ್ಯೆಯ ಸೊಸೆಗೆ ಏಳು ತಿಂಗಳು, ಚೊಚ್ಚಲು. ಸೀಮಂತದ ದಿನ ಬಳೆ ತೊಡಿಸಲು ಹೋದರೆ ಕೈಗೆ ಏರಲೇ ಇಲ್ಲ. ದೊಡ್ಡ ಅಳತೆಯ ಬಳೆ ತರಿಸಿದರು. "ಬಸುರಿಗೆ ಬಾವು ಇದ್ದದ್ದೇ" ಅಂದರು. ಆ ಓಡಾಟದಲ್ಲಿ ತಿಂಗಳ ತಪಾಸಣೆ ತಪ್ಪಿತು. ಎರಡು ದಿನ ಬಿಟ್ಟು ವಿಪರೀತ ತಲೆನೋವು, ಕಣ್ಣು ಮಂಜು. ಬಾಮ್ ಹಚ್ಚಿದರು. "ಮಗ ಬರಲಿ, ನಾಳೆ ಹೋಗೋಣ" ಅಂದರು. ಬೆಳಗಿನ ಜಾವ ಫಿಟ್ಸ್ ಬಂತು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಆಮೇಲೆ ನಾನು ಅವಳ ಕಾರ್ಡು ತೆರೆದು ನೋಡಿದೆ. ಮೂತ್ರ ಪರೀಕ್ಷೆಯ ಜಾಗ ಖಾಲಿ ಇತ್ತು. ಹಿಂದಿನ ವಾರವಷ್ಟೇ ನಾನು ಅವರ ಮನೆಗೆ ಹೋಗಿ ಟೀ ಕುಡಿದು ಬಂದಿದ್ದೆ. ಸಾಲದ ಕಂತು ಕೇಳಿದೆ, ಕಾರ್ಡು ಕೇಳಲಿಲ್ಲ. ಆ ನೋವು ಇನ್ನೂ ನನ್ನಲ್ಲಿದೆ.

ಇದು ಏನು ಕಾಯಿಲೆ? ಹಿರಿಯರು ನಂಜು ಅನ್ನುತ್ತಾರೆ. ಸಾಮಾನ್ಯವಾಗಿ ಐದು ತಿಂಗಳು ತುಂಬಿದ ಮೇಲೆ ಬರುತ್ತದೆ. ಮಗುವಿಗೆ ರಕ್ತ ಒದಗಿಸುವ ಮಾಸು ಸರಿಯಾಗಿ ಬೇರೂರದಿದ್ದರೆ ತಾಯಿಯ ರಕ್ತನಾಳಗಳಿಗೆ ಹಾನಿಯಾಗುತ್ತದೆ, ಬಿ.ಪಿ. ಏರುತ್ತದೆ. ನಮ್ಮ ಮೂತ್ರಪಿಂಡ ಜರಡಿ ಇದ್ದ ಹಾಗೆ. ಹೊಲಸನ್ನು ಹೊರಗೆ ಬಿಟ್ಟು, ಪ್ರೋಟೀನನ್ನು ಒಳಗೆ ಉಳಿಸಿಕೊಳ್ಳುತ್ತದೆ. ಆ ಜರಡಿ ಹಾಳಾದರೆ ಪ್ರೋಟೀನ್ ಮೂತ್ರದಲ್ಲಿ ಸೋರುತ್ತದೆ. ಕಾರ್ಡಿನಲ್ಲಿ ಇದನ್ನು ಆಲ್ಬುಮಿನ್ ಅಂತ ಬರೆದಿರುತ್ತಾರೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ಪ್ರೋಟೀನ್ ಹೋಗ್ತಾ ಇದೆ ಅಂದ್ರೆ ಜಾಸ್ತಿ ತಿಂದಿದ್ದಾಳೆ" ಅಂತ ಬೇಳೆ, ಮೊಟ್ಟೆ, ಹಾಲು ನಿಲ್ಲಿಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಊಟದಿಂದ ಇದು ಬರುವುದಿಲ್ಲ, ಊಟ ಬಿಟ್ಟರೆ ಹೋಗುವುದೂ ಇಲ್ಲ.

ಪರೀಕ್ಷೆ ತುಂಬ ಸುಲಭ. ಒಂದು ಸಣ್ಣ ಪಟ್ಟಿಯನ್ನು ಮೂತ್ರದಲ್ಲಿ ಅದ್ದುತ್ತಾರೆ. ಪ್ರೋಟೀನ್ ಇದ್ದರೆ ಹಳದಿ ಬಣ್ಣ ಹಸಿರಿಗೆ ತಿರುಗುತ್ತದೆ. ಒಂದೆರಡು ನಿಮಿಷದ ಕೆಲಸ. ಮೊದಲು ತೊಳೆದುಕೊಂಡು, ಸ್ವಲ್ಪ ಮೂತ್ರ ಹೋದ ಮೇಲೆ ನಡುವಿನದನ್ನು ಹಿಡಿಯಬೇಕು. ಬಿಳಿ ಮುಟ್ಟು ಸೇರಿದರೆ ಫಲಿತಾಂಶ ತಪ್ಪಾಗಬಹುದು. ಮೂತ್ರದ ಸೋಂಕಿನಲ್ಲೂ ಪ್ರೋಟೀನ್ ಕಾಣಬಹುದು. ಆದ್ದರಿಂದ ಒಂದು ಪ್ಲಸ್ ಬಂದರೂ ಡಾಕ್ಟರಿಗೆ ತೋರಿಸಿ. ಬಿ.ಪಿ. 140/90 ಮುಟ್ಟಿದರೆ ಮೂತ್ರ ಚೆನ್ನಾಗಿದ್ದರೂ ಸುಮ್ಮನಿರಬೇಡಿ.

ಈ ಲಕ್ಷಣ ಕಂಡರೆ ಅದೇ ದಿನ, ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು:

1. ಬಿಡದ ತಲೆನೋವು
2. ಕಣ್ಣು ಮಂಜಾಗುವುದು, ಮಿಂಚಿದಂತೆ ಆಗುವುದು
3. ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ನೋವು, ವಾಂತಿ
4. ಮುಖ, ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು
5. ಮೂತ್ರ ಕಮ್ಮಿಯಾಗುವುದು
6. ಮಗುವಿನ ಅಲುಗಾಟ ಕಮ್ಮಿಯಾಗುವುದು

ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಚಮಚ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಬಿ.ಪಿ. ಇಳಿಸುವ ಔಷಧಿ ಇದೆ. ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. ಆದರೆ ಕಾಯಿಲೆ ಪೂರ್ತಿ ಹೋಗಬೇಕಾದರೆ ಹೆರಿಗೆಯೇ ಆಗಬೇಕು. ಯಾವಾಗ ಅನ್ನುವುದನ್ನು ಡಾಕ್ಟರ್ ತೀರ್ಮಾನಿಸುತ್ತಾರೆ. ಹೆರಿಗೆ ಆಯಿತು ಅಂತ ಕೂಡಲೇ ನಿಶ್ಚಿಂತೆ ಬೇಡ. ಬಾಣಂತಿಗೂ ಆರು ವಾರದವರೆಗೆ ಈ ಅಪಾಯ ಇದೆ.

ಚೊಚ್ಚಲು ಬಸುರಿ, ಅವಳಿ ಮಕ್ಕಳಿರುವವರು, ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಹಿಂದಿನ ಹೆರಿಗೆಯಲ್ಲಿ ಹೀಗಾದವರು, ತಾಯಿಗೋ ಅಕ್ಕನಿಗೋ ಹೀಗಾಗಿದ್ದವರು ಹೆಚ್ಚು ಎಚ್ಚರ ವಹಿಸಬೇಕು. ಮೂರು ತಿಂಗಳಾಗುವಾಗಲೇ ಡಾಕ್ಟರಿಗೆ ಹೇಳಿದರೆ ತಡೆಯುವ ಮಾತ್ರೆ ಬೇಕೋ ಬೇಡವೋ ನೋಡುತ್ತಾರೆ. ಆಶಾ, ನರ್ಸಮ್ಮ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಡಬ್ಬದಲ್ಲಿ ಇಡದೆ ನುಂಗಿ.

ಈಗ ಸಂಘದ ಕೆಲಸಕ್ಕೆ ಬರ್ತೀನಿ. ಮೂರು ತೀರ್ಮಾನಗಳನ್ನು ಇವತ್ತೇ ನಡಾವಳಿಯಲ್ಲಿ ಬರೆಯೋಣ.

ಒಂದು, ಪ್ರತಿ ಸಭೆಯಲ್ಲೂ ನಮ್ಮ ಓಣಿಯ ಗರ್ಭಿಣಿಯರ ಹೆಸರು ಹೇಳಿ "ಬಿ.ಪಿ. ನೋಡಿದ್ರಾ? ಮೂತ್ರ ನೋಡಿದ್ರಾ?" ಎಂದು ಕೇಳುವುದು. ಕಾರ್ಡಿನಲ್ಲಿ ಜಾಗ ಖಾಲಿ ಇದ್ದರೆ ಆಶಾ ಕಾರ್ಯಕರ್ತೆಯ ಜೊತೆ ನಾವೇ ಕರೆದುಕೊಂಡು ಹೋಗುವುದು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತಿದೆ.

ಎರಡು, ತುರ್ತಿಗೆ ಸಭೆ ಸೇರುವವರೆಗೆ ಕಾಯದೆ ಅಧ್ಯಕ್ಷೆ, ಕಾರ್ಯದರ್ಶಿ ಸೇರಿ ಹಣ ಕೊಡುವುದು.

ಮೂರು, ಹೆರಿಗೆಗೆ ತವರಿಗೆ ಹೋಗುವವಳ ಕೈಯಲ್ಲಿ ಕಾರ್ಡು ಇದೆಯೇ ಎಂದು ನೋಡಿ ಬಸ್ ಹತ್ತಿಸುವುದು.

ಅತ್ತೆಯಂದಿರಿಗೆ ಒಂದು ಮಾತು. ಸೊಸೆ ತಲೆನೋವು ಅಂದರೆ "ನಾವೇನು ಹೆತ್ತಿಲ್ವಾ" ಅನ್ನಬೇಡಿ. ಮಗ ಬರಲಿ ಅಂತ ಕಾಯಬೇಡಿ. ಮಾತೆ ಮರಿಯಮ್ಮ ತಾನೇ ಬಸುರಿಯಾಗಿದ್ದರೂ ಬೆಟ್ಟದೂರಿಗೆ ನಡೆದು, ಬಸುರಿ ಎಲಿಜಬೇತಳ ಜೊತೆ ಸುಮಾರು ಮೂರು ತಿಂಗಳು ಇದ್ದಳು. ನಾವು ಪಕ್ಕದ ಮನೆಗಾದರೂ ಹೋಗೋಣ. ಹೋದಾಗ ಕಾರ್ಡು ಕೇಳೋಣ.

ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮಕ್ಕಳನ್ನೂ ಕಾಪಾಡಲಿ.