ಡಾಕ್ಟರ್ ಸೀಟು ಸಿಗದ ಮಗಳು ಮತ್ತು ಜೀವಶಾಸ್ತ್ರದ ಪದವಿ

(ಪಿಯುಸಿ ವಿದ್ಯಾರ್ಥಿಗಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಮನೆಯ ಮಗಳು ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡಳೆಂದರೆ ಬಂಧುಬಳಗವೆಲ್ಲ ಅಂದಿನಿಂದಲೇ ಆಕೆಯನ್ನು ಡಾಕ್ಟರ್ ಎಂದು ಕರೆಯತೊಡಗುತ್ತದೆ. ನೀಟ್ ಫಲಿತಾಂಶ ಬಂದ ದಿನ ಅದೇ ಬಂಧುಬಳಗ ಮೌನವಾಗುತ್ತದೆ. 2024ರಲ್ಲಿ 23 ಲಕ್ಷಕ್ಕೂ ಅಧಿಕ ಮಂದಿ ನೀಟ್ ಬರೆದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಲೆಕ್ಕ ಇಷ್ಟು ಸ್ಪಷ್ಟವಾಗಿರುವಾಗ ಸೀಟು ಸಿಗದಿರುವುದು ಮಗುವಿನ ಅಪರಾಧವಾಗುವುದಾದರೂ ಹೇಗೆ? ಆದರೂ ಆಕೆಯನ್ನು ಊರಿನ ಖಾಸಗಿ ಕಾಲೇಜಿನ ಬಿ.ಎಸ್ಸಿ.ಗೆ ಸೇರಿಸುವಾಗ ನಾವಾಡುವ ಮಾತು, "ಮದುವೆಯ ತನಕ ಏನಾದರೂ ಓದಲಿ" ಎಂಬುದು. ಈ ಮಾತಿನ ವಿರುದ್ಧವೇ ನಾನಿಂದು ಮಾತನಾಡಬೇಕಾಗಿದೆ.

ಖಾಸಗಿ ಕಾಲೇಜಿನ ಆಯ್ಕೆಗೆ ನಮ್ಮಲ್ಲಿ ಹಲವರಿಗೆ ಒಂದು ನೋವಿನ ಕಾರಣವೂ ಇದೆ. 2022ರ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪು, ಇವನ್ನು ನಾನು ವಿವರಿಸಬೇಕಿಲ್ಲ. ಅಂದಿನಿಂದ ಕಾಲೇಜಿನ ಕಚೇರಿಯಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಶಿರವಸ್ತ್ರದ್ದು. ಅದು ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಒಪ್ಪಿಗೆ ಸಿಕ್ಕಿದೊಡನೆ ನಾವು ಫೀಸು ಕಟ್ಟಿ ಹೊರಬರುತ್ತೇವೆ. ಪ್ರಯೋಗಾಲಯವನ್ನು ನೋಡುವುದಿಲ್ಲ. ಸಸ್ಯಶಾಸ್ತ್ರಕ್ಕೆ ಪೂರ್ಣಕಾಲಿಕ ಅಧ್ಯಾಪಕರಿದ್ದಾರೆಯೇ, ಸೂಕ್ಷ್ಮದರ್ಶಕಗಳು ಎಷ್ಟಿವೆ, ಒಂದರ ಮುಂದೆ ಎಷ್ಟು ಮಂದಿ ಸರದಿ ನಿಲ್ಲುತ್ತಾರೆ ಎಂದು ವಿಚಾರಿಸುವುದಿಲ್ಲ. ಮಗಳಿಗೆ ಚಿನ್ನ ಕೊಳ್ಳುವಾಗ ಮೂರು ಅಂಗಡಿ ಹತ್ತಿಳಿಯುವವರು ನಾವು.

ಇನ್ನೊಂದು ವಿಷಯ. ಖಾಸಗಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಒಂದೇ ಹಳೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳು ಸರಕಾರದ ಅನುದಾನಕ್ಕೆ ಒಳಪಟ್ಟಿದ್ದು ಫೀಸು ಕಡಿಮೆಯಿರಬಹುದು. ಪಕ್ಕದ ಕೊಠಡಿಯ ಬಯೋಟೆಕ್ನಾಲಜಿ ಅನುದಾನರಹಿತವಾಗಿದ್ದು ಅನೇಕ ಪಟ್ಟು ದುಬಾರಿಯಾಗಿರಬಹುದು. ಹೆಸರಿನ ಹೊಳಪಿಗೆ ಮಾರುಹೋಗಿ ಸಾಲ ಮಾಡುವ ಮುನ್ನ ಇದನ್ನು ಕೇಳಿ ತಿಳಿಯಿರಿ. ಬಿ.ಎಸ್ಸಿ. ಮೈಕ್ರೋಬಯಾಲಜಿ ಓದಿದರೆ ಆಸ್ಪತ್ರೆಯ ಲ್ಯಾಬ್ ಟೆಕ್ನಿಶಿಯನ್ ಆಗಬಹುದೆಂದು ಅನೇಕರು ನಂಬಿದ್ದಾರೆ. ಅದಕ್ಕೆಂದೇ ಇರುವ ಎಂಎಲ್‌ಟಿ ಬೇರೆಯೇ ಕೋರ್ಸು. ಶಿಕ್ಷಕಿಯಾಗುವ ಆಸೆಯಿದ್ದರೆ ಯಾವ ವಿಷಯಗಳ ಜೋಡಣೆ ಬೇಕೆಂಬುದನ್ನು ನೇಮಕಾತಿ ನಿಯಮಗಳಲ್ಲಿ ಈಗಲೇ ನೋಡಿಕೊಳ್ಳಬೇಕು, ಬಿ.ಎಡ್. ಮುಗಿದ ಮೇಲಲ್ಲ. ರಾಜ್ಯದಲ್ಲಿ 2021ರಲ್ಲಿ ತಂದ ನಾಲ್ಕು ವರ್ಷಗಳ ಪದವಿ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಗಿದೆ. ಅಕ್ಕ ಓದಿದ ಪಠ್ಯಕ್ರಮವನ್ನೇ ನೆಚ್ಚಿ ತಂಗಿಯ ವಿಚಾರ ನಿರ್ಧರಿಸಬೇಡಿರಿ.

ಈ ಪದವಿಗೆ ಬೆಲೆಯಿದೆಯೇ ಎಂದು ಕೇಳುವವರಿಗೆ ಸಲೀಂ ಅಲಿಯವರನ್ನು ನೆನಪಿಸುತ್ತೇನೆ. 1896ರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದವರು ಅವರು. ಮುಂಬೈಯ ಸೈಂಟ್ ಝೇವಿಯರ್ಸ್ ಕಾಲೇಜಿನಲ್ಲಿ, ಅಂದರೆ ಒಂದು ಖಾಸಗಿ ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರದ ಪಾಠ ಕೇಳಿದರು. ಆದರೆ ವಿಶ್ವವಿದ್ಯಾನಿಲಯದ ಪದವಿ ಕೈಯಲ್ಲಿರಲಿಲ್ಲ. ಆ ಕಾರಣಕ್ಕೆ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಪಕ್ಷಿತಜ್ಞರ ಹುದ್ದೆ ಅವರಿಗೆ ದೊರೆಯಲಿಲ್ಲ. ಆ ಬಳಿಕವೂ ಅವರು ದೇಶದ ಹಕ್ಕಿಗಳನ್ನು ಅರಸುತ್ತ ನಡೆದರು, ನಮ್ಮ ಮೈಸೂರು ಸಂಸ್ಥಾನವನ್ನೂ ಸುತ್ತಿದರು. ಅವರ ಛಲ ಅಸಾಧಾರಣವಾದುದು. ಎಲ್ಲ ಮಕ್ಕಳಿಂದಲೂ ಅಂಥ ಛಲವನ್ನು ನಿರೀಕ್ಷಿಸಿ ಪದವಿಯ ಕಾಗದವನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಅಲಿಗಢದಲ್ಲಿ ಓದಿದ ಉಬೈದ್ ಸಿದ್ದೀಕಿಯವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕರಾದರು. ನಮ್ಮ ಊರುಗಳಿಂದ ಅದು ಒಂದು ರಾತ್ರಿಯ ಬಸ್ಸಿನ ದೂರ. ಎಷ್ಟು ಮನೆಗಳಲ್ಲಿ ಅದರ ಹೆಸರು ಕೇಳಿದ್ದಾರೆ?

ಸರಕಾರದ ಧೋರಣೆಯನ್ನೂ ಮರೆಯುವಂತಿಲ್ಲ. ಸಂಶೋಧನೆ ಮಾಡುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಆಸರೆಯಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರವು 2022ರಲ್ಲಿ ನಿಲ್ಲಿಸಿತು. ಇದನ್ನು ನಾವು ಪ್ರತಿಭಟಿಸಬೇಕು. ಆದರೆ ಫೆಲೋಶಿಪ್‌ನ ಹೊಸ್ತಿಲ ತನಕ ನಮ್ಮ ಎಷ್ಟು ಹೆಣ್ಣುಮಕ್ಕಳು ತಲುಪುತ್ತಿದ್ದರು? ಅವರನ್ನು ನಡುದಾರಿಯಲ್ಲಿ ತಡೆದವರು ದಿಲ್ಲಿಯವರಲ್ಲ.

ಐದನೇ ಸೆಮಿಸ್ಟರ್‌ನಲ್ಲಿ ವರ ಗೊತ್ತಾಗುತ್ತದೆ. "ಪರೀಕ್ಷೆ ಬರೆಸುತ್ತೇವೆ" ಎಂದು ಬಾಯಿಮಾತಿನ ಭರವಸೆ ಸಿಗುತ್ತದೆ. ಆರನೇ ಸೆಮಿಸ್ಟರ್‌ನ ಪ್ರಾಯೋಗಿಕ ಪರೀಕ್ಷೆಯ ದಿನ ಹುಡುಗಿ ಗಂಡನ ಊರಿನಲ್ಲಿರುತ್ತಾಳೆ, ರೆಕಾರ್ಡ್ ಪುಸ್ತಕ ತವರಿನ ಕಪಾಟಿನಲ್ಲಿರುತ್ತದೆ. ನಿಕಾಹ್ ಒಂದು ಕರಾರು. ಓದು ಮುಂದುವರಿಸುವ ಶರತ್ತನ್ನು ಅದರಲ್ಲಿ ಸೇರಿಸಲು ಅನೇಕ ವಿದ್ವಾಂಸರು ಅನುಮತಿಸಿದ್ದಾರೆ. ಹಾಲ್, ಊಟ, ಉಡುಗೊರೆಗಳ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ತಂದೆಯಂದಿರು ಈ ಒಂದು ಸಾಲನ್ನು ಬರೆಸಲು ಏಕೆ ಹಿಂಜರಿಯುತ್ತೀರಿ? ಮಸೀದಿಯ ಜಮಾಅತ್‌ನವರೇ ಇದನ್ನು ಕೇಳಿ ಬರೆಸುವ ಕ್ರಮ ಮಾಡಿದರೆ ಹುಡುಗಿಯ ತಂದೆ ಒಬ್ಬಂಟಿಯಾಗಿ ಬಾಯಿ ತೆರೆಯಬೇಕಾಗುವುದಿಲ್ಲ.

ಈ ವೇದಿಕೆಯಲ್ಲಿ ಜಮಾಅತ್‌ನ ಪದಾಧಿಕಾರಿಗಳು ಇದ್ದಾರೆ, ಅವರ ಉತ್ತರವನ್ನು ನಾನೂ ಕೇಳಬಯಸುತ್ತೇನೆ. ಸಹೋದರಿಯರು ತಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಬಹುದು.