ಬೀಳಗಿಯ ದನಿಯನ್ನು ಹುಡುಕುತ್ತ

ಸೊಲ್ಲಾಪುರದ ಕಡೆಯಿಂದ ಬಂದ ರೈಲು ಲೋಣಾವಳಾ ದಾಟಿ, ಘಟ್ಟ ಇಳಿದು ಮುಂಬಯಿ ಸೇರುತ್ತದೆ. ನಮ್ಮ ವಿಜಯಪುರ ಸೀಮೆಯ ಕಲಾವಿದರನ್ನು ಮಾಯಾನಗರಿಗೆ ಮುಟ್ಟಿಸಿದ ಹಾದಿ ಇದು. ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಆ ನಗರಿಯಲ್ಲಿ ಹಾಡಿ ಹೆಸರಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅವರು ದೇಶಕ್ಕೇ ಮನೆಮಾತಾದರು. ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು.

ಮುಂದೆ ಹೊಸ ದನಿಗಳು ಬಂದವು. ಅಮೀರ್‌ಬಾಯಿ ಸಣ್ಣಪುಟ್ಟ ಪಾತ್ರಗಳಿಗೆ ಸರಿದರು, 1965ರಲ್ಲಿ ತೀರಿಕೊಂಡರು. ನಾಡು ಮರೆತೇಬಿಟ್ಟಿತು. ವಿಜಯಪುರದಲ್ಲಿ ಅವರ ಹೆಸರು ಹೇಳಲು ಅಮೀರ್ ಟಾಕೀಸ್ ಉಳಿಯಿತು.

ಲೇಖಕ ರಹಮತ್ ತರೀಕೆರೆ ಅಮೀರ್‌ಬಾಯಿಯವರ ಬದುಕಿನ ಜಾಡು ಹಿಡಿದು ಹುಡುಕಿ, ಪುಸ್ತಕ ಬರೆದು ಅವರನ್ನು ನಮಗೆ ಮರಳಿ ಕೊಟ್ಟರು. ಕೀರ್ತಿ ಕಾಲದ ಸೊತ್ತು. ನೆನಪು ನಮ್ಮ ಹೊಣೆ. ನಿಮ್ಮೂರಲ್ಲೂ ಮರೆತುಹೋದ ಹಾಡುಗಾರರಿರಬಹುದು. ಇಂದೇ ಹಿರಿಯರನ್ನು ಕೇಳಿ, ಬರೆದಿಡಿ.