ತಂತಿಗಂಬ ನೆಡುವುದಕ್ಕೆ ಮುಂಚೆ: ಸ್ಕಾಟ್ಲೆಂಡಿನ ಮಲೆಸೀಮೆಯ ಪಾಳುಹಳ್ಳಿಗಳು

 

ಮಠದ ಮಹೋತ್ಸವದಲ್ಲಿ ದೂರದ ಸ್ಕಾಟ್ಲೆಂಡಿನ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಮೈಸೂರು ಸೀಮೆಯನ್ನು ಅಳೆಯಿಸಿ, ಊರೂರಿನ ಶಾಸನ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಸಾಹೇಬರು ಆ ದೇಶದ ಲೂಯಿಸ್ ದ್ವೀಪದಲ್ಲಿ ಹುಟ್ಟಿದವರು. ನಮ್ಮ ಅಕ್ಷರವುಳ್ಳ ಕಲ್ಲುಗಳನ್ನು ಹುಡುಕಿಸಿದವರ ನಾಡಿನಲ್ಲಿ ಅಕ್ಷರವಿಲ್ಲದ ಕಲ್ಲುಗಳನ್ನು ಇಂದು ಹೇಗೆ ಹುಡುಕುತ್ತಾರೆಂಬುದನ್ನು ಅರಿಕೆ ಮಾಡಲು ನಿಂತಿದ್ದೇನೆ.

ಹೈಲ್ಯಾಂಡ್ ಎಂಬ ಆ ಮಲೆಸೀಮೆಯ ಅನೇಕ ಕಣಿವೆಗಳು ಇಂದು ನಿರ್ಜನವಾಗಿವೆ. ಅದು ಸೃಷ್ಟಿನಿಯಮವಲ್ಲ. ಕುರಿಸಾಕಣೆಯ ಲಾಭಕ್ಕಾಗಿ ಜಮೀನುದಾರರು ಒಕ್ಕಲುಗಳನ್ನು ಎಬ್ಬಿಸಿದುದರ ಫಲವದು. ಸ್ಟ್ರಾತ್‌ನೇವರ್ ಕಣಿವೆಯ ರೊಸಾಲ್ ಎಂಬ ಹಳ್ಳಿಯು 1814ರಿಂದ 1818ರೊಳಗೆ ಬರಿದಾಯಿತು. ಅದೇ ಊರಿನ ಡೊನಾಲ್ಡ್ ಮ್ಯಾಕ್ಲಿಯಾಡ್ ಎಂಬ ಕಲ್ಲುಕುಟಿಗನು ತಾನು ಕಂಡ ಅನ್ಯಾಯವನ್ನು ಮುಂದೆ ಪತ್ರಿಕೆಯಲ್ಲಿ ಬರೆದನು. ಹೀಗೆ ಬರೆಯಬಲ್ಲವರು ಎಷ್ಟು ಮಂದಿ? ಉಳಿದವರ ಪರವಾಗಿ ಸಾಕ್ಷಿ ಹೇಳುವವು ಆ ಮನೆಗಳ ಅಡಿಗಲ್ಲುಗಳು ಮಾತ್ರ. ಗೋಡೆಗೆ ಹುಲ್ಲುಬೇರಿನ ಮಣ್ಣುಹೆಂಟೆ, ಒಂದೇ ಸೂರಿನಡಿಯಲ್ಲಿ ಮನುಷ್ಯರು ಮತ್ತು ದನಕರು, ಪಕ್ಕದಲ್ಲಿ ಧಾನ್ಯ ಒಣಗಿಸುವ ಗೂಡು, ಬೆಟ್ಟದ ಮೇಲೆ ಬೇಸಗೆಯ ಮೇವುಗಾಲಕ್ಕೆ ಕಟ್ಟಿದ ಪುಟ್ಟ ಗುಡಿಸಲು: ಇವೆಲ್ಲ ಕರಗಿ ಇಂದು ಮೊಣಕಾಲೆತ್ತರದ ದಿಬ್ಬಗಳಾಗಿವೆ. 1979ರ ಕಾಯಿದೆಯ ಪ್ರಕಾರ ಪಟ್ಟಿಗೆ ಸೇರಿದ ಸ್ಮಾರಕಗಳಿಗೆ ರಕ್ಷಣೆಯುಂಟು. ಇಂತಹ ಒಕ್ಕಲುಮನೆಗಳಲ್ಲಿ ಬಹುಪಾಲು ಆ ಪಟ್ಟಿಯಲ್ಲಿಲ್ಲ.

ಈ ನೆಲದ ಮೇಲೆಯೇ ವಿದ್ಯುತ್ತಂತಿಗಳೂ ನೀರಿನ ಕೊಳವೆಗಳೂ ಹಾಯಬೇಕಾಗಿದೆ. 2010ರಲ್ಲಿ ಅಪ್ಪಣೆಯಾಗಿ 2015ರಲ್ಲಿ ಮುಗಿದ ಬ್ಯೂಲಿ-ಡೆನ್ನಿ ಮಾರ್ಗವೊಂದೇ ಸುಮಾರು 220 ಕಿಲೋಮೀಟರ್ ಉದ್ದವಿದ್ದು, ಸುಮಾರು 600 ಗೋಪುರಗಂಬಗಳನ್ನುಳ್ಳದ್ದು. ಕಂಬದ ಕಾಲು ಹಿಡಿಯುವ ಜಾಗ ಅಲ್ಪ. ಯಂತ್ರಗಳನ್ನು ಸಾಗಿಸಲು ಹಾಕುವ ದಾರಿಯೇ ಹೆಚ್ಚು ಹಾಳುಗೆಡವಬಲ್ಲದು. ಬೆಳಕು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಒಂದು ಯಂತ್ರ ಒಂದು ಮಧ್ಯಾಹ್ನದಲ್ಲಿ ಒಂದು ಮನೆತನದ ಗುರುತನ್ನೇ ಅಳಿಸಿಬಿಡಬಹುದು.

ಆದುದರಿಂದ ಪ್ರಾಕ್ತನ ಸಂಶೋಧಕರು ಮುಂಚಿತವಾಗಿ ಮಾರ್ಗವನ್ನು ಕಾಲ್ನಡಿಗೆಯಿಂದ ಪರಿಶೀಲಿಸುತ್ತಾರೆ. ಮೊದಲು ನಕ್ಷೆಗಳು: 1747ರಿಂದ 1755ರ ವರೆಗೆ ಸೈನ್ಯಕ್ಕಾಗಿ ತಯಾರಾದ ರಾಯ್ ಎಂಬವರ ನಕ್ಷೆ, ಬಳಿಕ ಹತ್ತೊಂಬತ್ತನೆಯ ಶತಮಾನದ ಸರ್ಕಾರಿ ಮೋಜಣಿ ನಕ್ಷೆ. ಎರಡನೆಯದರಲ್ಲಿ ಸೂರಿದ್ದ ಮನೆ ಬೇರೆ, ಸೂರು ಹೋದ ಮನೆ ಬೇರೆಯಾಗಿ ಗುರುತಾಗಿವೆ. ಆಮೇಲೆ ನಡೆಯುವುದು. ಜರೀಗಿಡಗಳು ಆಳೆತ್ತರ ಬೆಳೆಯುವ ಬೇಸಗೆಯಲ್ಲಿ ಏನೂ ಕಾಣದು. ಅವು ಒಣಗಿ ಬಿದ್ದ ಚಳಿಗಾಲವೂ ವಸಂತದ ಆರಂಭವೂ ಪ್ರಶಸ್ತ. ಇಳಿಬಿಸಿಲಿನಲ್ಲಿ ಗೇಣೆತ್ತರದ ದಿಬ್ಬವೂ ನೆರಳು ಚೆಲ್ಲುತ್ತದೆ. ಕಂದುಬಣ್ಣದ ಬೆಟ್ಟದಲ್ಲಿ ಒಂದು ತುಂಡು ನೆಲ ಮಾತ್ರ ಹಸುರಾಗಿದ್ದರೆ, ಬಲ್ಲವನು ಅಲ್ಲಿ ನಿಲ್ಲುತ್ತಾನೆ; ದನಗಳ ಗೊಬ್ಬರ ಬಿದ್ದ ನೆಲವು ಜನ ಹೋಗಿ ನೂರಾರು ವರ್ಷವಾದರೂ ಅದನ್ನು ಮರೆತಿರುವುದಿಲ್ಲ.

ಕಂಡುದನ್ನು ಅಳೆದು, ಚಿತ್ರ ತೆಗೆದು, ಸ್ಥಳವನ್ನು ಗುರುತಿಸಿ, ಕಂಬವನ್ನು ಹತ್ತು ಗಜ ಸರಿಸಿರೆಂದೋ, ಪಾಳನ್ನು ಗೂಟ ನೆಟ್ಟು ಕಾಪಾಡಿರೆಂದೋ ಸೂಚಿಸುತ್ತಾರೆ. ಇಲ್ಲೊಂದು ಸೂಕ್ಷ್ಮವುಂಟು. ಈ ಪರಿಶೀಲಕನಿಗೆ ಸಂಬಳ ಕೊಡುವವರು ಸಾಮಾನ್ಯವಾಗಿ ಕಾಮಗಾರಿ ನಡೆಸುವವರೇ. ಮಳೆಗಾಳಿಯಲ್ಲಿ ದಣಿದವನು “ಏನೂ ಇಲ್ಲ” ಎಂದು ಬರೆದು ಮುಗಿಸುವುದು ಬಹಳ ಸುಲಭ. ಸ್ಥಳೀಯ ಸರ್ಕಾರದ ಪ್ರಾಕ್ತನಜ್ಞರು ವರದಿಯನ್ನು ನೋಡುವ ಏರ್ಪಾಡು ಇದೆಯಾದರೂ, ನಡೆದವನು ಕಾಣದೆ ಬಿಟ್ಟುದನ್ನು ಕಚೇರಿಯಲ್ಲಿ ಕುಳಿತವರು ಕಾಣಲಾರರು. ಈ ಕಾಯಕದ ಭಾರವೆಲ್ಲ ಅವನ ಕಣ್ಣಿನ ಮೇಲಿದೆ.

ರೊಸಾಲಿನಲ್ಲಿ ಕಾಡು ಬೆಳೆಸುವ ಸಂದರ್ಭ ಒದಗಿದಾಗ, 1962ರಲ್ಲಿ ಹೊರೇಸ್ ಫೇರ್‌ಹರ್ಸ್ಟ್ ಎಂಬ ವಿದ್ವಾಂಸರು ಆ ಊರನ್ನು ಅಳೆದು ಅಗೆದರು. ಸುತ್ತ ಮರಗಳೆದ್ದವು, ಹಳ್ಳಿಯ ನೆಲವನ್ನು ತೆರವಾಗಿ ಉಳಿಸಿದರು.

ಎಷ್ಟು ನಡೆದರೂ ಕಪ್ಪು ಜೌಗುಮಣ್ಣಿನಡಿಯಲ್ಲಿ ಮುಳುಗಿದ ಸಾವಿರಾರು ವರ್ಷಗಳ ಹಿಂದಿನ ದುಂಡುಮನೆಗಳು ಕಣ್ಣಿಗೆ ಬೀಳುವುದಿಲ್ಲ. ಅದಕ್ಕಾಗಿ ಅಂತಹ ಕಡೆ ಯಂತ್ರವು ಮೇಲ್ಮಣ್ಣು ಕೆರೆಯುವಾಗ ಒಬ್ಬ ಸಂಶೋಧಕನು ಪಕ್ಕದಲ್ಲಿ ನಿಂತು, ಕಲ್ಲಿನ ಸಾಲೊಂದು ಕಂಡೊಡನೆ ಕೈಯೆತ್ತಿ ಕೆಲಸವನ್ನು ತಡೆಯುತ್ತಾನೆ.